ಕೂಸಿಗೂ ಮುನ್ನ ಕುಲಾವಿ: ಬಾರದ ಗೇಮಿನ ಬಗ್ಗೆ ಅಭಿಪ್ರಾಯ ಹೊಂದುವವರ ಕೈಪಿಡಿ

ಮೊದಲ ಮಾತು

ಈ ಉತ್ಪನ್ನವನ್ನು ಆರಿಸಿಕೊಂಡದ್ದಕ್ಕೆ ಅಭಿನಂದನೆಗಳು. ನಿಮ್ಮ ಕೈಗೆ ಬಂದಿರುವುದು ವಿಡಿಯೊ ಗೇಮ್ ಎಂದು ಭಾವಿಸಬೇಡಿ. ಗೇಮ್ ಇನ್ನೂ ಬಂದಿಲ್ಲ. ಬಂದಿರುವುದು ಅದರ ಬಗೆಗಿನ ಅಭಿಪ್ರಾಯ. ಸರಿಯಾಗಿ ಬಳಸಿದರೆ ಇದು ಯಾವ ಗೇಮಿಗಿಂತಲೂ ಹೆಚ್ಚು ವರ್ಷ ಬಾಳಿಕೆ ಬರುತ್ತದೆ.

ಸಾಕ್ಷಿ ಬೇಕೆ? ಡ್ಯೂಕ್ ನ್ಯೂಕೆಮ್ ಫಾರೆವರ್ ಎಂಬ ಗೇಮನ್ನು 3ಡಿ ರೆಲ್ಮ್ಸ್ ಕಂಪನಿ 1997ರಲ್ಲಿ ಘೋಷಿಸಿತು. ಯಾವಾಗ ಬರುತ್ತದೆ ಎಂದು ಕೇಳಿದವರಿಗೆಲ್ಲ ಸಿಗುತ್ತಿದ್ದ ಉತ್ತರ ಒಂದೇ, ಮುಗಿದಾಗ ಬರುತ್ತದೆ. ಅದು ಅಂಗಡಿಗೆ ಬಂದದ್ದು 2011ರ ಜೂನ್‌ನಲ್ಲಿ, ಅದೂ ಗೇರ್‌ಬಾಕ್ಸ್ ಎಂಬ ಇನ್ನೊಂದು ಕಂಪನಿ ಕೈಹಾಕಿ ಮುಗಿಸಿದ ಮೇಲೆ. ಗೇಮ್ ಬಂದ ವಾರದಲ್ಲೇ ವಿಮರ್ಶಕರು ಅದನ್ನು ಎತ್ತಿ ಪಕ್ಕಕ್ಕಿಟ್ಟರು. ಅಭಿಪ್ರಾಯವಾದರೋ 14 ವರ್ಷ ಒಂದು ದಿನವೂ ಕೆಡದೆ ಓಡಿತು.

ಪೆಟ್ಟಿಗೆಯಲ್ಲಿ ಏನೇನಿದೆ

ಟ್ರೇಲರ್: 1. ಅವಧಿ ಎರಡು ಮೂರು ನಿಮಿಷ. ಒಂದು ವರ್ಷದ ಮಾತುಕತೆಗೆ ಸಾಕು.

ಬಿಡುಗಡೆ ದಿನಾಂಕ: 1. ಪೆನ್ಸಿಲ್‌ನಲ್ಲಿ ಬರೆದದ್ದು.

ಡೆವಲಪರ್: ಒಬ್ಬ. ಗೇಮಿಗೆ ಸಾವಿರಾರು ಜನ ದುಡಿದಿದ್ದರೂ, ಬೈಯಲು ಅನುಕೂಲವಾಗಲೆಂದು ಒಬ್ಬನನ್ನೇ ಕೊಡಲಾಗಿದೆ.

ಹಳೇ ಸಿಟ್ಟು: 1. ಹಿಂದಿನ ಗೇಮಿನಿಂದ ಉಳಿದದ್ದು. ಹೊಸ ಗೇಮಿಗೂ ಹೊಂದುತ್ತದೆ.

ಗೇಮ್: ಇಲ್ಲ. ಆಟಿಕೆಯ ಬ್ಯಾಟರಿಯಂತೆ ಇದನ್ನು ಪ್ರತ್ಯೇಕವಾಗಿ ಕೊಳ್ಳಬೇಕು.

ಬಳಸುವ ಮುನ್ನ

ಗ್ರಾಫಿಕ್ಸ್ ಕಾರ್ಡ್ ಹಳೆಯದಾದರೂ ನಡೆಯುತ್ತದೆ. ಅಭಿಪ್ರಾಯ ಓಡಲು ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಇಂಟರ್‌ನೆಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಇಂಟರ್‌ನೆಟ್ ಇರುವ ಒಬ್ಬ ಗೆಳೆಯ ಸಾಕು.

ನೆನಪಿನ ಶಕ್ತಿ ಮಾತ್ರ ಆದಷ್ಟು ಕಡಿಮೆ ಇರಲಿ. ನೆನಪು ಹೆಚ್ಚಿದ್ದವರಿಗೆ ಈ ಉತ್ಪನ್ನ ಸರಿಯಾಗಿ ಕೆಲಸ ಮಾಡುವುದಿಲ್ಲ. ಉದಾಹರಣೆಗೆ, ಫೇಬಲ್ ಎಂಬ ಗೇಮ್ ತಯಾರಾಗುತ್ತಿದ್ದಾಗ ಅದರ ಸೃಷ್ಟಿಕರ್ತ ಪೀಟರ್ ಮಾಲಿನ್ಯೂ ಒಂದು ಮಾತು ಕೊಟ್ಟಿದ್ದರು: ಗೇಮಿನೊಳಗೆ ನೀವು ಒಂದು ಓಕ್ ಬೀಜ ನೆಟ್ಟರೆ ಅದು ಕಾಲಕ್ರಮೇಣ ಬೆಳೆದು ಮರವಾಗುತ್ತದೆ. 2004ರಲ್ಲಿ ಫೇಬಲ್ ಬಂತು. ಜನ ಮೆಚ್ಚಿದರು. ಆದರೆ ಮರ ಇರಲಿಲ್ಲ. ಮಾಲಿನ್ಯೂ ಬಹಿರಂಗವಾಗಿ ಕ್ಷಮೆ ಕೇಳಿದರು. ಒಂದು ಒಳ್ಳೆಯ ಗೇಮ್ ಕೊಟ್ಟವನನ್ನು ಜನ ಇವತ್ತಿಗೂ ಕೊಡದ ಒಂದು ಮರದಿಂದ ಗುರುತಿಸುತ್ತಾರೆ. ಈ ಕತೆ ನೆನಪಿರುವವರು ಹೊಸ ಟ್ರೇಲರ್ ಬಂದಾಗಲೆಲ್ಲ ‘ಮರ ಎಲ್ಲಪ್ಪಾ?’ ಎಂದು ಕೇಳಿ ಪಕ್ಕದವರ ಸಂತೋಷ ಕೆಡಿಸುತ್ತಾರೆ. ನೀವು ಅಂಥವರಾಗಿದ್ದರೆ ಪೆಟ್ಟಿಗೆಯನ್ನು ಇಲ್ಲಿಗೇ ಮುಚ್ಚಿ.

ಹಂತ 1: ಟ್ರೇಲರ್ ನೋಡುವ ವಿಧಾನ

ಟ್ರೇಲರನ್ನು ಮೂರು ಸಲ ನೋಡಿ. ಮೊದಲ ಸಲ ಕಣ್ಣು ಬಿಟ್ಟು, ಎರಡನೇ ಸಲ ಬಾಯಿ ಬಿಟ್ಟು, ಮೂರನೇ ಸಲ ಪ್ರತಿ ಸೆಕೆಂಡಿಗೂ ನಿಲ್ಲಿಸಿ ನಿಲ್ಲಿಸಿ.

ಅಭ್ಯಾಸಕ್ಕೆ ಜಿಟಿಎ 6 ಗೇಮ್ ಬಳಸುವುದು ಉತ್ತಮ. ಹಿಂದಿನ ಜಿಟಿಎ 5 ಬಂದದ್ದು 2013ರ ಸೆಪ್ಟೆಂಬರ್‌ನಲ್ಲಿ. ಆಗ ಪಿಯುಸಿ ಓದುತ್ತಿದ್ದವರು ಈಗ ತಮ್ಮ ಮಕ್ಕಳ ಶಾಲೆಯ ಫೀಸು ಕಟ್ಟುತ್ತಿದ್ದಾರೆ. 6ರ ಮೊದಲ ಟ್ರೇಲರ್ 2023ರ ಡಿಸೆಂಬರ್ 5ರಂದು, ನಮ್ಮ ಗಡಿಯಾರದಲ್ಲಿ ಸಂಜೆ ಏಳೂವರೆಗೆ ಬರಬೇಕಿತ್ತು. ಯಾರೋ ಮೊದಲೇ ಸೋರಿಸಿದ್ದರಿಂದ ರಾಕ್‌ಸ್ಟಾರ್ ಕಂಪನಿಯೇ ಗಡಿಬಿಡಿಯಲ್ಲಿ ಅದನ್ನು ಬಿಟ್ಟಿತು. ಸಂಜೆಗೆಂದು ಅಲಾರಂ ಇಟ್ಟವರು ಎದ್ದು ನೋಡಿದರೆ ಬೆಳಗಿನ ಜಾವವೇ ಬಂದು ಕೂತಿತ್ತು. ಯೂಟ್ಯೂಬಿನಲ್ಲಿ ಒಂದೇ ದಿನಕ್ಕೆ 9 ಕೋಟಿಗೂ ಹೆಚ್ಚು ಸಲ ಅದನ್ನು ನೋಡಲಾಯಿತು.

ಎರಡನೇ ಟ್ರೇಲರ್ ಯಾವಾಗ ಎಂದು ತಿಳಿಯಲು ಅಭಿಮಾನಿಗಳು ಬಳಸಿದ ವಿಧಾನವನ್ನು ನೀವೂ ಅನುಸರಿಸಬಹುದು. ರಾಕ್‌ಸ್ಟಾರ್ ಹಾಕುತ್ತಿದ್ದ ಪ್ರಚಾರದ ಚಿತ್ರಗಳಲ್ಲಿ ಚಂದ್ರ ಯಾವ ಕಲೆಯಲ್ಲಿದ್ದಾನೆ ಎಂದು ನೋಡಿ, ಆಕಾಶದ ಚಂದ್ರನಿಗೆ ತಾಳೆ ಹಾಕಿ, 2024ರ ಕೊನೆಯಲ್ಲಿ ಅವರು ಮುಹೂರ್ತ ತೆಗೆದರು. ಮುಹೂರ್ತ ಬಂತು, ಹೋಯಿತು. ಟ್ರೇಲರ್ ಬಂದದ್ದು 2025ರ ಮೇ 6ರಂದು, ಯಾವ ಪಂಚಾಂಗಕ್ಕೂ ಹೇಳದೆ ಕೇಳದೆ. ಬಂದ ಮೇಲೆ ಜನ ಅದರಲ್ಲಿ ಹುಡುಕಿದ್ದೇನು? ಒಂದು ಬಿಯರ್ ಬಾಟಲಿ. ಆ ಗಾಜಿನೊಳಗೆ ಮೇಲೇರುವ ಗುಳ್ಳೆಗಳನ್ನು ದೊಡ್ಡದು ಮಾಡಿ, ವೃತ್ತ ಹಾಕಿ, ಇವು ಸಾಚಾ ಗುಳ್ಳೆಗಳೇ ಎಂದು ಹೊತ್ತು ಗೊತ್ತಿಲ್ಲದೆ ವಾದಿಸಿದರು. ಆಟ ಹೇಗಿರುತ್ತದೆ ಎಂಬುದಕ್ಕೆ ಗುಳ್ಳೆ ಏನನ್ನೂ ಹೇಳುವುದಿಲ್ಲ. ಆದ್ದರಿಂದಲೇ ಗುಳ್ಳೆಯ ಬಗ್ಗೆ ಇಷ್ಟು ಹೇಳಲು ಸಾಧ್ಯವಾಯಿತು.

ಎಚ್ಚರಿಕೆ: ಟ್ರೇಲರ್ ಮತ್ತು ಗೇಮನ್ನು ಪಕ್ಕಪಕ್ಕ ಇಡಬೇಡಿ. 2012ರ ಇ3 ಮೇಳದಲ್ಲಿ ಯೂಬಿಸಾಫ್ಟ್ ಕಂಪನಿ ತೋರಿಸಿದ ವಾಚ್ ಡಾಗ್ಸ್ ಗೇಮಿನಲ್ಲಿ ಶಿಕಾಗೊ ನಗರದ ರಾತ್ರಿ ಫಳಫಳ ಹೊಳೆಯುತ್ತಿತ್ತು. 2014ರಲ್ಲಿ ಗೇಮ್ ಬಂದಾಗ ಅದೇ ರಾತ್ರಿ ಸಪ್ಪೆಯಾಗಿತ್ತು. ಕೆಲವೇ ವಾರಗಳಲ್ಲಿ ಕಂಪ್ಯೂಟರ್ ಬಲ್ಲ ಆಟಗಾರರು ಗೇಮಿನ ಫೈಲುಗಳನ್ನು ಜಾಲಾಡಿ, ಆ ಹಳೆಯ ಬೆಳಕಿನ ಸೆಟ್ಟಿಂಗುಗಳು ಒಳಗೇ ಅಡಗಿ ಕೂತಿರುವುದನ್ನು ತೋರಿಸಿದರು. ಇಂಥ ಹೋಲಿಕೆ ಮಾಡುವ ಅಭ್ಯಾಸ ಬೆಳೆದರೆ ಅಭಿಪ್ರಾಯದ ಬಣ್ಣ ಬೇಗ ಮಾಸುತ್ತದೆ.

ಹಂತ 2: ಡೆವಲಪರ್ ಸ್ವಿಚ್

ಉತ್ಪನ್ನದ ಬಲಬದಿಯಲ್ಲಿ ಒಂದು ಸ್ವಿಚ್ ಇದೆ. ಅದಕ್ಕೆ ಎರಡೇ ಸ್ಥಾನ: ‘ದೇವರು’ ಮತ್ತು ‘ದ್ರೋಹಿ’. ನಡುವೆ ಎಲ್ಲೂ ನಿಲ್ಲುವುದಿಲ್ಲ.

ಸ್ವಿಚ್ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಶಾನ್ ಮರ್ರಿ ಎಂಬ ಹೆಸರು ಹಾಕಿ ನೋಡಿ. ಇಂಗ್ಲೆಂಡಿನ ಹಲೋ ಗೇಮ್ಸ್ ಎಂಬ ಸಣ್ಣ ಸ್ಟುಡಿಯೊದ ಇವರು 2013ರ ಡಿಸೆಂಬರ್‌ನಲ್ಲಿ ನೋ ಮ್ಯಾನ್ಸ್ ಸ್ಕೈ ಗೇಮನ್ನು ತೋರಿಸಿದರು. 18ರ ಮುಂದೆ 18 ಸೊನ್ನೆ ಇಟ್ಟಷ್ಟು ಗ್ರಹಗಳು; ಯಾವುದಕ್ಕೆ ಬೇಕಾದರೂ ಹಾರಿಹೋಗಿ ಇಳಿಯಬಹುದು. ಸ್ವಿಚ್ ‘ದೇವರು’. 2016ರ ಆಗಸ್ಟ್‌ನಲ್ಲಿ ಗೇಮ್ ಬಂತು. ಮೊದಲ ದಿನವೇ ಇಬ್ಬರು ಆಟಗಾರರು ಅಷ್ಟು ಗ್ರಹಗಳ ನಡುವೆ ಒಂದೇ ಗ್ರಹದ ಒಂದೇ ಜಾಗಕ್ಕೆ ಹೋಗಿ ನಿಂತರು. ಒಬ್ಬರಿಗೊಬ್ಬರು ಕಾಣಿಸಲಿಲ್ಲ. ಇತರ ಆಟಗಾರರನ್ನು ಭೇಟಿಯಾಗಬಹುದು ಎಂದು ನಂಬಿದ್ದವರ ಪಾಲಿಗೆ ಸ್ವಿಚ್ ಆ ಕ್ಷಣಕ್ಕೆ ‘ದ್ರೋಹಿ’ ಕಡೆ ಬಿತ್ತು.

ಮರ್ರಿ ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಕೂತರು. 2018ರ ಜುಲೈನಲ್ಲಿ ಬಂದ ಉಚಿತ ಅಪ್‌ಡೇಟ್‌ನಲ್ಲಿ ಆಟಗಾರರು ಒಬ್ಬರಿಗೊಬ್ಬರು ಕಂಡರು. ಅಪ್‌ಡೇಟುಗಳು ಅಲ್ಲಿಗೂ ನಿಲ್ಲಲಿಲ್ಲ, ಅವಕ್ಕೆ ಕಾಸೂ ಕೇಳಲಿಲ್ಲ. ಸ್ವಿಚ್ ಮತ್ತೆ ‘ದೇವರು’. 2023ರ ಡಿಸೆಂಬರ್‌ನಲ್ಲಿ ಅದೇ ಮರ್ರಿ ಮತ್ತೆ ವೇದಿಕೆ ಹತ್ತಿ ಲೈಟ್ ನೋ ಫೈರ್ ಎಂಬ ಹೊಸ ಗೇಮ್ ಘೋಷಿಸಿದರು. ಈ ಸಲ ಒಂದೇ ಗ್ರಹ, ಆದರೆ ಭೂಮಿಯಷ್ಟು ದೊಡ್ಡದು. ಈಗ ಸ್ವಿಚ್ ಎಲ್ಲಿಡಬೇಕು? ಎರಡು ಬೆರಳು ಎರಡು ಕಡೆ ಎಳೆಯುತ್ತಿದ್ದರೆ ಗಾಬರಿ ಬೇಡ. ಅದು ಸ್ವಿಚ್ಚಿನ ದೋಷವಲ್ಲ. ಮನುಷ್ಯರನ್ನು ಅಳೆಯಲು ಅದನ್ನು ಮಾಡಿಲ್ಲ, ಅಷ್ಟೆ.

ಎಚ್ಚರಿಕೆ: ಸ್ವಿಚ್ಚಿನ ಮುಚ್ಚಳ ಬಿಚ್ಚಬೇಡಿ. ಬಿಚ್ಚಿದರೆ ಒಳಗೆ ಜನ ಕಾಣಿಸುತ್ತಾರೆ.

ಜಿಟಿಎ 6 ಅನ್ನೇ ತೆಗೆದುಕೊಳ್ಳಿ. ರಾಕ್‌ಸ್ಟಾರ್ ಎಂಬ ಒಬ್ಬ ಮನುಷ್ಯ ಎಲ್ಲೂ ಇಲ್ಲ. ನ್ಯೂಯಾರ್ಕಿನಲ್ಲಿ ಒಂದಷ್ಟು ಜನ, ಎಡಿನ್‌ಬರೊದಲ್ಲಿ ಒಂದಷ್ಟು ಜನ, ಮತ್ತೆ ಬೆಂಗಳೂರಿನಲ್ಲೂ ಒಂದಷ್ಟು ಜನ ಇದ್ದಾರೆ. ರಾಕ್‌ಸ್ಟಾರ್ ಇಂಡಿಯಾ ಶುರುವಾದದ್ದು 2016ರಲ್ಲಿ, ಬೆಂಗಳೂರಿನಲ್ಲೇ. 2019ರಲ್ಲಿ ಅದು ಇದೇ ಊರಿನ ಧ್ರುವ ಇಂಟರಾಕ್ಟಿವ್ ಸ್ಟುಡಿಯೊವನ್ನು ಕೊಂಡು ತನ್ನೊಳಗೆ ಸೇರಿಸಿಕೊಂಡಿತು. ಆ ಧ್ರುವ 1997ರಲ್ಲಿ ರಾಜೇಶ್ ರಾವ್ ಕಟ್ಟಿದ ಸಂಸ್ಥೆ. ದೇಶದಲ್ಲಿ ಗೇಮ್ ಎಂದರೆ ಏನೆಂದು ಬ್ಯಾಂಕಿನವರಿಗೆ ವಿವರಿಸಬೇಕಾಗಿದ್ದ ಕಾಲದಲ್ಲಿ, ಡ್ಯೂಕ್ ನ್ಯೂಕೆಮ್ ಫಾರೆವರ್ ಘೋಷಣೆಯಾದ ವರ್ಷದಲ್ಲೇ ಹುಟ್ಟಿದ್ದು. ಡ್ಯೂಕ್ ಬರುವಷ್ಟರಲ್ಲಿ ಅದು ಹೊರದೇಶದ ಎಷ್ಟೋ ಗೇಮುಗಳಿಗೆ ಚಿತ್ರಕೆಲಸ ಮಾಡಿಕೊಟ್ಟು ಹೆಸರು ಮಾಡಿತ್ತು.

ಹಾಗಾಗಿ ನೀವು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತು ‘ಏನ್ ಮಾಡ್ತಿದಾರೆ ಗುರು ಈ ರಾಕ್‌ಸ್ಟಾರ್‌ನೋರು, ನಿದ್ದೆ ಮಾಡ್ತಿದಾರಾ?’ ಎಂದು ಗೆಳೆಯನಿಗೆ ವಾಯ್ಸ್ ನೋಟ್ ಕಳಿಸುತ್ತಿರುವಾಗ, ಪಕ್ಕದ ಕ್ಯಾಬಿನ ಹಿಂದಿನ ಸೀಟಿನಲ್ಲಿ ನಿಜವಾಗಿಯೂ ನಿದ್ದೆ ಮಾಡುತ್ತಿರುವವರು ಅವರೇ ಆಗಿರಬಹುದು. ಕೇಳಿದರೂ ಅವರು ಏನೂ ಹೇಳುವಂತಿಲ್ಲ. ಗುಟ್ಟು ಕಾಯುವ ಕರಾರಿಗೆ ಸಹಿ ಹಾಕಿರುತ್ತಾರೆ. ಸ್ವಂತ ಸೋದರತ್ತೆಯ ಮಗಳು ಅಲ್ಲಿ ಕೆಲಸಕ್ಕಿದ್ದರೂ ಹಬ್ಬದೂಟಕ್ಕೆ ಕೂತಾಗ ನಿಮಗೆ ಸಿಗುವುದು ಹೋಳಿಗೆ ಮಾತ್ರ.

ಹಂತ 3: ಮುಂದೂಡಿಕೆಯ ನಿರ್ವಹಣೆ

ಪೆಟ್ಟಿಗೆಯೊಂದಿಗೆ ಬಂದ ದಿನಾಂಕ ಅಳಿಸಿಹೋದರೆ ಅದನ್ನು ‘ಡಿಲೇ’ ಎನ್ನುತ್ತಾರೆ. ಇದು ಉತ್ಪನ್ನದ ಸಹಜ ಲಕ್ಷಣ. ಜಿಟಿಎ 6ರ ಮೊದಲ ಟ್ರೇಲರ್ ಕೊನೆಯಲ್ಲಿ 2025 ಎಂದಿತ್ತು. ಅದು 2026ರ ಮೇ 26 ಆಯಿತು. 2025ರ ನವೆಂಬರ್‌ನಲ್ಲಿ ಮತ್ತೆ ಅಳಿಸಿ 2026ರ ನವೆಂಬರ್ 19 ಎಂದು ಬರೆದರು.

ಡಿಲೇ ಆದ ಮೊದಲ ಗಂಟೆಯಲ್ಲಿ ಹೀಗೆ ಹೇಳಿ: ‘ಪರವಾಗಿಲ್ಲ, ಚೆನ್ನಾಗಿ ಮಾಡ್ಲಿ.’ ಇದರ ಜೊತೆಗೆ, ತಡವಾದ ಗೇಮ್ ಕೊನೆಗಾದರೂ ಒಳ್ಳೆಯದಾಗುತ್ತದೆ, ಅವಸರದ ಗೇಮ್ ಎಂದೆಂದಿಗೂ ಕೆಟ್ಟದ್ದೇ ಎಂಬ ಸೂಕ್ತಿಯನ್ನು ನಿಂಟೆಂಡೊದ ಶಿಗೆರು ಮಿಯಾಮೊಟೊ ಹೆಸರಿನಲ್ಲಿ ಉದ್ಧರಿಸಿ. ಮಿಯಾಮೊಟೊ ಹಾಗೆ ಹೇಳಿದ್ದಕ್ಕೆ ದಾಖಲೆ ಯಾರಿಗೂ ಸಿಕ್ಕಿಲ್ಲ. ಚಿಂತೆಯಿಲ್ಲ, ಬಾರದ ಗೇಮಿಗೆ ಆಡದ ಮಾತು ಸರಿಯಾದ ಜೋಡಿ. ಎರಡನೇ ದಿನ ಸೂಕ್ತಿಯನ್ನು ಒಳಗಿಟ್ಟು ‘ಇವರ ಕೈಲಿ ಆಗಲ್ಲ ಬಿಡು’ ಎನ್ನಿ.

ಇದರ ಮಾದರಿ ಪಾಠವನ್ನು ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿ 2020ರಲ್ಲಿ ಕಲಿಸಿತು. ಅದರ ಸೈಬರ್‌ಪಂಕ್ 2077 ಏಪ್ರಿಲ್‌ನಿಂದ ಸೆಪ್ಟೆಂಬರ್‌ಗೆ, ಸೆಪ್ಟೆಂಬರ್‌ನಿಂದ ನವೆಂಬರ್ 19ಕ್ಕೆ ಜಾರಿತ್ತು. ಅಕ್ಟೋಬರ್ ಮೊದಲ ವಾರ ಗೇಮ್ ‘ಗೋಲ್ಡ್’ ಆಗಿದೆ, ಅಂದರೆ ಡಿಸ್ಕ್ ಅಚ್ಚು ಹಾಕಲು ಹೋಗಿದೆ ಎಂದು ಸಾರಿದರು. ಆಮೇಲೆ ಯಾರೂ ದಿನ ಬದಲಿಸುವುದಿಲ್ಲ ಎಂಬುದು ಗೇಮ್ ಲೋಕದ ನಂಬಿಕೆ. ಅಕ್ಟೋಬರ್ 27ಕ್ಕೆ ಬದಲಿಸಿದರು: ಇನ್ನೂ 21 ದಿನ, ಡಿಸೆಂಬರ್ 10ಕ್ಕೆ. ಕೂಡಲೇ ಅಲ್ಲಿನ ಕೆಲಸಗಾರರಿಗೆ ಕೊಲೆ ಬೆದರಿಕೆಗಳು ಬಂದವು. ಡಿಸೆಂಬರ್ 10ಕ್ಕೆ ಗೇಮ್ ಬಂತು, ಹಳೆಯ ಕನ್ಸೋಲ್‌ಗಳಲ್ಲಿ ಕುಂಟುತ್ತಾ. ಆಗ ಬಂದ ಬೈಗುಳ ಏನು? ಇಷ್ಟು ಅವಸರದಲ್ಲಿ ಯಾಕೆ ಬಿಟ್ಟಿರಿ ಎಂದು. ತಡ ಮಾಡಿದ್ದಕ್ಕೂ ಅವಸರಕ್ಕೂ ಎರಡು ತಿಂಗಳೊಳಗೆ ಒಂದೇ ವಿಳಾಸಕ್ಕೆ ಬೈದ ಬಳಕೆದಾರರು ಈ ಉತ್ಪನ್ನವನ್ನು ಪೂರ್ಣ ಸಾಮರ್ಥ್ಯದಲ್ಲಿ ಓಡಿಸಿದ್ದಾರೆಂದೇ ಲೆಕ್ಕ.

ದಿನಾಂಕವೇ ಇಲ್ಲದ ಮಾದರಿಯೂ ಲಭ್ಯ. ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ, ಒಂದು ಆಟೊದಲ್ಲಿ ಹಿಡಿಯುವಷ್ಟು ಜನರ ಸ್ಟುಡಿಯೊ, 2019ರ ಫೆಬ್ರವರಿಯಲ್ಲಿ ಹಾಲೊ ನೈಟ್: ಸಿಲ್ಕ್‌ಸಾಂಗ್ ಘೋಷಿಸಿ ಮೌನಕ್ಕೆ ಜಾರಿತು. ವರ್ಷಗಟ್ಟಲೆ ಸುದ್ದಿಯಿಲ್ಲ. ಇವತ್ತೂ ಸುದ್ದಿಯಿಲ್ಲ ಎಂದು ದಿನಾ ಹೇಳುವುದಕ್ಕೇ ಒಂದು ಯೂಟ್ಯೂಬ್ ಚಾನೆಲ್ ನಡೆಯಿತು. ದುಡ್ಡು ಮುಗಿದಿದೆ, ಜಗಳವಾಡಿದ್ದಾರೆ, ಗೇಮ್ ನಿಂತೇ ಹೋಗಿದೆ ಎಂದು ಅಭಿಮಾನಿಗಳು ಹುತ್ತ ಕಟ್ಟಿದರು. ಕೊನೆಗೆ ಬಿಡುಗಡೆಗೆ ಎರಡೇ ವಾರ ಮುಂಚೆ ದಿನ ಹೇಳಿ, 2025ರ ಸೆಪ್ಟೆಂಬರ್ 4ರಂದು ಗೇಮ್ ಬಿಟ್ಟರು. ಕೊಳ್ಳುವವರ ನೂಕುನುಗ್ಗಲಿಗೆ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯೇ ಕುಸಿಯಿತು. ಇಷ್ಟು ತಡವೇಕೆ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಕಾರಣ, ಗೇಮ್ ಮಾಡುತ್ತಾ ಮಾಡುತ್ತಾ ಖುಷಿಯಾಗಿದ್ದೆವು ಎಂದು. ಆರೂವರೆ ವರ್ಷದ ಊಹಾಪೋಹದಲ್ಲಿ ಈ ಒಂದು ಊಹೆ ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಹಂತ 4: ಪ್ರೀ-ಆರ್ಡರ್

ಗೇಮ್ ಬರುವ ಮೊದಲೇ ಹಣ ಕಟ್ಟುವುದಕ್ಕೆ ಪ್ರೀ-ಆರ್ಡರ್ ಎಂದು ಹೆಸರು. ಡಿಸ್ಕ್ ಅಂಗಡಿಗೆ ಬರುತ್ತಿದ್ದ ಕಾಲದಲ್ಲಿ ಸರಕು ಖಾಲಿಯಾದೀತೆಂಬ ಭಯಕ್ಕೆ ಇದು ಬೇಕಿತ್ತು. ಈಗ ಡೌನ್‌ಲೋಡ್ ಕಾಲ. ಡೌನ್‌ಲೋಡಿನ ಸ್ಟಾಕ್ ಎಂದೂ ಮುಗಿಯುವುದಿಲ್ಲ. ಆದರೂ ಬೇಗ ಹಣ ಕಟ್ಟಿದರೆ ಗೇಮಿನೊಳಗಿನ ನಾಯಕನಿಗೆ ಒಂದು ಹೆಚ್ಚುವರಿ ಅಂಗಿ ಕೊಡುತ್ತಾರೆ. ಆ ಅಂಗಿಗೋಸ್ಕರ ನಿಮ್ಮ ಮೈಮೇಲಿನ ಅಂಗಿ ಅಡವಿಡಿ.

ಸೈಬರ್‌ಪಂಕ್‌ಗೆ ಬಿಡುಗಡೆಗೂ ಮೊದಲೇ 80 ಲಕ್ಷ ಆರ್ಡರ್ ಬಂದಿತ್ತು. ಬಿಡುಗಡೆಗೆ ಮುಂಚೆ ವಿಮರ್ಶಕರ ಕೈಗೆ ಸಿಕ್ಕಿದ್ದು ಕಂಪ್ಯೂಟರ್ ಆವೃತ್ತಿ ಮಾತ್ರ. ಕನ್ಸೋಲ್ ಆವೃತ್ತಿಯನ್ನು ಕೊಡಲಿಲ್ಲ. ವಿಮರ್ಶಕರು ತಾವು ಆಡಿದ ದೃಶ್ಯಗಳನ್ನು ತೋರಿಸಲೂ ಬಿಡಲಿಲ್ಲ. ಬಿಡುಗಡೆಯಾಗಿ ಎಂಟು ದಿನ ತುಂಬುವಷ್ಟರಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದ ತೆಗೆದು, ಕೊಂಡವರಿಗೆ ಹಣ ವಾಪಸ್ ಕೊಡುವುದಾಗಿ ಹೇಳಿತು. 2021ರ ಜೂನ್‌ವರೆಗೆ ಅದು ಅಲ್ಲಿ ಮತ್ತೆ ಕಾಣಲಿಲ್ಲ.

ಎಚ್ಚರಿಕೆ: ಮುಚ್ಚಿಟ್ಟದ್ದು ಯಾವುದು ಎಂದು ಗಮನಿಸುವ ಬಳಕೆದಾರರಿಗೆ ಪ್ರೀ-ಆರ್ಡರ್ ಗುಂಡಿ ಒತ್ತಲು ಬೆರಳು ಬರುವುದಿಲ್ಲ. ಗೆಳೆಯರು ಅಂಥವರನ್ನು ಜುಗ್ಗ ಎನ್ನುತ್ತಾರೆ.

ಹಂತ 5: ಬಿಡುಗಡೆಯ ದಿನ

ಆಫೀಸಿಗೆ ‘ಹುಷಾರಿಲ್ಲ’ ಎಂದು ಮೆಸೇಜ್ ಹಾಕಿ. ಡೌನ್‌ಲೋಡಿಗೆ ಹಚ್ಚಿ. ನೂರು ಜಿಬಿ ಇಳಿಯುವಾಗ ನಡುಮನೆಯಲ್ಲಿ ಅಮ್ಮನ ಸೀರಿಯಲ್ ಸುತ್ತುತ್ತಾ ನಿಲ್ಲುತ್ತದೆ. ‘ಅದೇನ್ ಹಾಳು ಹಚ್ಚಿದೀಯೋ’ ಎಂಬ ಪ್ರಶ್ನೆಗೆ ‘ಆಫೀಸಿಂದು’ ಎನ್ನಿ. ಹುಷಾರಿಲ್ಲದವನಿಗೆ ಆಫೀಸಿಂದೇನು ಎಂದು ಆಕೆ ಕೇಳುವ ಮೊದಲು ಬಾಗಿಲು ಹಾಕಿಕೊಳ್ಳಿ.

ಗೇಮ್ ಕೆಟ್ಟಿದ್ದರೆ ಕಾರಣ ಹುಡುಕಲು ಆತುರಪಡಬೇಡಿ. ಸೋಮಾರಿ ಡೆವಲಪರ್ ಎಂದು ಬರೆದರೆ ಸಾಕು. 2013ರಲ್ಲಿ ಬಂದ ಏಲಿಯನ್ಸ್: ಕೊಲೋನಿಯಲ್ ಮರೀನ್ಸ್ ಇದಕ್ಕೆ ಪಾಠ. ಅದರ ಭಯಂಕರ ಜೀವಿಗಳು ಬೇಟೆಯಾಡುವುದನ್ನು ಬಿಟ್ಟು ದಡ್ಡರಂತೆ ನಡುಹಾದಿಯಲ್ಲಿ ಓಡಾಡಿ ನಗೆಪಾಟಲಾದವು. ಐದು ವರ್ಷದ ನಂತರ, 2018ರಲ್ಲಿ, ಆಟಗಾರರ ಗಮನ ಗೇಮಿನ ಒಂದು ಸಾದಾ ಸೆಟ್ಟಿಂಗ್ ಫೈಲಿನ ಕಡೆ ತಿರುಗಿತು. ಅಲ್ಲಿ ‘ಟೆದರ್’ ಎಂಬ ಪದಕ್ಕೆ ಒಂದು ‘ಎ’ ಅಕ್ಷರ ಹೆಚ್ಚಾಗಿ ಸೇರಿಕೊಂಡಿತ್ತು. ಜೀವಿಗಳು ಎಲ್ಲಿ ಹೊಂಚು ಹಾಕಬೇಕು, ಹೇಗೆ ಸುತ್ತುವರಿಯಬೇಕು ಎಂಬ ಆದೇಶ ಆ ಕಾಗುಣಿತದ ತಪ್ಪಿನಿಂದಾಗಿ ಅವಕ್ಕೆ ತಲುಪುತ್ತಲೇ ಇರಲಿಲ್ಲ. ಆ ಅಕ್ಷರ ಅಳಿಸಿದಾಗ ಜೀವಿಗಳಿಗೆ ಬುದ್ಧಿ ಬಂತು. ಗೇಮಿನ ಇತರ ತಪ್ಪುಗಳು ಅದರಿಂದ ಮಾಫಿಯಾಗಲಿಲ್ಲ, ನಿಜ. ಆದರೆ ಐದು ವರ್ಷ ಲಕ್ಷಾಂತರ ಜನ ಹೊಂದಿದ್ದ ಗಟ್ಟಿ ಅಭಿಪ್ರಾಯಗಳಲ್ಲಿ ‘ಒಂದು ಅಕ್ಷರ ಹೆಚ್ಚಾಗಿದೆ’ ಎಂಬುದು ಇರಲಿಲ್ಲ.

ತೊಂದರೆಗಳು ಮತ್ತು ಪರಿಹಾರ

ಗೇಮ್ ಬಂದ ಕೂಡಲೇ ಮಾಯವಾಯಿತು: ಸೋನಿಯ ಕಾನ್‌ಕಾರ್ಡ್ 2024ರ ಆಗಸ್ಟ್ 23ರಂದು ಬಂದು ಸೆಪ್ಟೆಂಬರ್ 6ಕ್ಕೆ ಮುಚ್ಚಿತು, ಹಣ ವಾಪಸ್ ಬಂತು. ದಿ ಡೇ ಬಿಫೋರ್ 2023ರ ಡಿಸೆಂಬರ್ 7ರಂದು ಬಂತು. ನಾಲ್ಕು ದಿನಕ್ಕೆ ಅದನ್ನು ಮಾಡಿದ ಕಂಪನಿಯೇ ಬಾಗಿಲು ಹಾಕಿತು. ಅದು ಸ್ಟೀಮ್‌ನಲ್ಲಿ ಅತಿ ಹೆಚ್ಚು ಜನ ವಿಶ್‌ಲಿಸ್ಟ್‌ಗೆ ಹಾಕಿಕೊಂಡ ಗೇಮುಗಳಲ್ಲೊಂದಾಗಿತ್ತು. ಪರಿಹಾರ: ವಿಶ್‌ಲಿಸ್ಟ್ ಎಂಬುದು ಹಾರೈಕೆ, ಹರಕೆಯಲ್ಲ.

ಬೈದ ಗೇಮ್ ಒಳ್ಳೆಯದಾಗಿಬಿಟ್ಟಿತು: ಸೈಬರ್‌ಪಂಕ್ ಪ್ಯಾಚ್ ಮೇಲೆ ಪ್ಯಾಚ್ ಕಂಡು 2023ರ ಸೆಪ್ಟೆಂಬರ್ ಹೊತ್ತಿಗೆ ಮರುಹುಟ್ಟು ಪಡೆಯಿತು. ಪರಿಹಾರ: ‘ನಾನು ಆಗಲೇ ಹೇಳಿದ್ದೆ’ ಎನ್ನಿ. ಏನು ಹೇಳಿದ್ದಿರಿ ಎಂದು ಯಾರೂ ಹಿಂದೆ ತಿರುಗಿಸಿ ನೋಡುವುದಿಲ್ಲ.

ಅಭಿಪ್ರಾಯವೇ ಇಲ್ಲದ ಗೇಮ್ ಗೆದ್ದಿತು: ಇದು ಅತ್ಯಂತ ಗಂಭೀರ ದೋಷ. ಫ್ರಾನ್ಸಿನ ಮೊಂಪೆಲಿಯೆ ಊರಿನ ಸ್ಯಾಂಡ್‌ಫಾಲ್ ಎಂಬ ಸ್ಟುಡಿಯೊಗೆ ಹಿಂದಿನ ಗೇಮೇ ಇರಲಿಲ್ಲ, ಹಾಗಾಗಿ ಹಳೇ ಸಿಟ್ಟೂ ಇರಲಿಲ್ಲ. ಅವರ ಮೊದಲ ಗೇಮ್ ಕ್ಲೇರ್ ಆಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33, 2025ರ ಏಪ್ರಿಲ್‌ನಲ್ಲಿ ಬಂದು, ಡಿಸೆಂಬರ್‌ನ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಸೇರಿ 9 ಪ್ರಶಸ್ತಿ ಬಾಚಿಕೊಂಡಿತು. ನಮ್ಮಲ್ಲಿ ಹೆಚ್ಚಿನವರು ಆ ವರ್ಷವಿಡೀ ಜಿಟಿಎ ಚಂದ್ರನನ್ನೂ ಬಾಟಲಿಯನ್ನೂ ನೋಡುವುದರಲ್ಲಿ ಮುಳುಗಿದ್ದೆವು. ಪರಿಹಾರ: ಈ ಕೈಪಿಡಿಯಲ್ಲಿ ಇಲ್ಲ.

ಖಾತರಿ ಮತ್ತು ವಾಪಸಾತಿ

ಗೇಮನ್ನು ಸ್ಟೀಮ್‌ನಲ್ಲಿ ಕೊಂಡಿದ್ದರೆ, 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಿಂತಿರುಗಿಸಿ ಹಣ ಪಡೆಯಬಹುದು. ಅಭಿಪ್ರಾಯಕ್ಕೆ ಈ ಸೌಲಭ್ಯವಿಲ್ಲ. ಅದಕ್ಕೆ ಕಳೆದ ವರ್ಷಗಳನ್ನು ಯಾವ ಕೌಂಟರಿನಲ್ಲೂ ಮರಳಿಸುವುದಿಲ್ಲ.

ಉತ್ಪನ್ನವನ್ನು ನೀರು, ಬೆಂಕಿ ಮತ್ತು ಗೇಮಿನಿಂದ ದೂರವಿಡಿ. ಬಳಕೆದಾರರು ಗೇಮನ್ನು ಸ್ವತಃ ಆಡಿದ್ದು ಕಂಡುಬಂದಲ್ಲಿ ಖಾತರಿ ತಕ್ಷಣ ರದ್ದಾಗುತ್ತದೆ. ಆನಂತರ ಹುಟ್ಟುವ ಅಭಿಪ್ರಾಯ ಬಳಕೆದಾರರ ಸ್ವಂತದ್ದು. ಅದಕ್ಕೆ ನಾವು ಹೊಣೆಯಲ್ಲ.